ಮನೆಗೆ ಕಳಿಸಿದ ಮೇಲೂ ಅಪ್ಪ ಆಸ್ಪತ್ರೆಯ ರೋಗಿಯೇ ಅಲ್ವಾ?

ನಮ್ಮ ಮನೆ ಜಗಲಿಯಲ್ಲಿ ಬಾಳೆಗೊನೆ ತೂಗುಹಾಕಲು ಒಂದು ಕಬ್ಬಿಣದ ಕೊಕ್ಕೆ ಇದೆ. ಹೋದ ಮಳೆಗಾಲದಲ್ಲಿ ಆ ಕೊಕ್ಕೆಯಲ್ಲಿ ಗೊನೆ ಇರಲಿಲ್ಲ. ಅಪ್ಪನ ಆಂಟಿಬಯೋಟಿಕ್ ಬಾಟಲಿ ಇತ್ತು.

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನಿಗೆ ಸುಮಾರು ವರ್ಷದಿಂದ ಶುಗರ್. ತೋಟದಲ್ಲಿ ಕಾಲ್ಬೆರಳಿಗೆ ಏನೋ ಚುಚ್ಚಿದೆ, ಪಾದಕ್ಕೆ ಸ್ಪರ್ಶವೇ ಸರಿಯಾಗಿ ಇಲ್ಲದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಬಟ್ಟೆ ಒಗೆಯುವಾಗ ಕಾಲುಚೀಲದ ತುದಿ ಅಂಟಂಟಾಗಿದ್ದನ್ನು ಅಮ್ಮ ನೋಡಿದರು. ಅಷ್ಟೊತ್ತಿಗೆ ಸೋಂಕು ಮೂಳೆಗೆ ಇಳಿದಿತ್ತು. ಹಾಸನದ ಒಂದು ಆಸ್ಪತ್ರೆಯಲ್ಲಿ ಕೊಳೆತ ಭಾಗ ತೆಗೆದು, ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ನೋಡಲು ಮೂಳೆಯ ಚೂರನ್ನು ಕಲ್ಚರ್‌ಗೆ ಕಳಿಸಿದರು. ಆರು ವಾರ ರಕ್ತನಾಳಕ್ಕೇ ಔಷಧಿ ಕೊಡಬೇಕು ಅಂದರು.

ಆರು ವಾರ! ಮೂಡಿಗೆರೆಯಿಂದ ಬೇಲೂರು ಮೇಲೆ ಹಾಸನಕ್ಕೆ ದಿನಾ ಓಡಾಡುವುದು ಆಗದ ಮಾತು. ಅಲ್ಲೇ ಅಡ್ಮಿಟ್ ಇದ್ದರೆ ದಿನದ ಬಾಡಿಗೆ, ನೋಡಿಕೊಳ್ಳಲು ಒಬ್ಬರು, ಇತ್ತ ತೋಟ ನೋಡುವವರಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ವಾರ್ಡಿನಲ್ಲಿ ಹೆಚ್ಚು ದಿನ ಮಲಗಿದಷ್ಟೂ ಅಲ್ಲಿನ ಗಟ್ಟಿ ಬ್ಯಾಕ್ಟೀರಿಯಾ ಅಂಟುವ ಸಾಧ್ಯತೆ ಜಾಸ್ತಿ. ಒಂಬತ್ತನೇ ದಿನ ಡಾಕ್ಟರೇ ಹೇಳಿದರು, "ಉಳಿದದ್ದನ್ನು ಮನೆಯಲ್ಲೇ ಕೊಡಬಹುದು." ನಾನು ನಂಬಲಿಲ್ಲ. ಡ್ರಿಪ್ ಅಂದರೆ ಆಸ್ಪತ್ರೆ ಮಂಚ, ಇಷ್ಟೇ ನನಗೆ ಗೊತ್ತಿದ್ದದ್ದು.

ಆಮೇಲೆ ಓದಿಕೊಂಡೆ. ಇದು ಹೊಸದೇನಲ್ಲ. ಶ್ವಾಸಕೋಶದ ಸೋಂಕು ಪದೇ ಪದೇ ಬರುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆಯ ರೋಗಿಗಳಿಗೆ ಆಸ್ಪತ್ರೆಯ ಹೊರಗೆ ಹೀಗೆ ಔಷಧಿ ಕೊಟ್ಟ ಬಗ್ಗೆ ಅಮೆರಿಕದ ವೈದ್ಯರು 1974ರಲ್ಲೇ ಬರೆದಿದ್ದಾರೆ. ಐವತ್ತು ವರ್ಷ ದಾಟಿತು. ನಮ್ಮ ಕಡೆ ಇನ್ನೂ ಇದನ್ನು ಕೇಳಿದವರೇ ಕಡಿಮೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಜ್ವರ ಬಂದಾಗ "ಡಾಕ್ಟ್ರೇ, ಒಂದು ಬಾಟ್ಲಿ ಹಾಕಿಬಿಡಿ" ಅನ್ನುವ ಥರದ್ದಲ್ಲ. ನೆಗಡಿ, ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸವನ್ನೇ ಮಾಡುವುದಿಲ್ಲ. ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್‌ನಂಥ ಔಷಧಿಗಳನ್ನು 2014ರಿಂದ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿ ಇಟ್ಟಿದ್ದಾರೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಮೆಡಿಕಲ್ ಸ್ಟೋರಿನವರು ಯಾರಿಗೆ ಕೊಟ್ಟೆವು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಅಪ್ಪನ ಮೂಳೆಯಲ್ಲಿದ್ದ ಬ್ಯಾಕ್ಟೀರಿಯಾಕ್ಕೆ ಮಾಮೂಲಿ ಮಾತ್ರೆ ಯಾವುದೂ ನಾಟಲಿಲ್ಲ. ಕಲ್ಚರ್ ರಿಪೋರ್ಟಿನಲ್ಲಿ ಸಾಲಾಗಿ ಆರ್, ಆರ್, ಆರ್ ಅಂತ ಇತ್ತು. ಆರ್ ಅಂದರೆ ಆ ಔಷಧಿಗೆ ಬಗ್ಗುವುದಿಲ್ಲ ಅಂತ. ಆ ಹಾಳೆ ನೋಡಿದ ಮೇಲೆ ಆಂಟಿಬಯೋಟಿಕ್ ಅನ್ನು ಕಡ್ಲೆಪುರಿ ಥರ ನುಂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಯಾರಿಗಾದರೂ ಆರು ವಾರ ಡ್ರಿಪ್ ಅಂದರೆ ಮೊದಲು ಕೇಳಬೇಕಾದ್ದು "ಮಾತ್ರೆಯಲ್ಲಿ ಆಗಲ್ವಾ?" ಅಂತ. ಬ್ರಿಟನ್ನಿನಲ್ಲಿ ಮೂಳೆ ಮತ್ತು ಕೀಲಿನ ಸೋಂಕಿದ್ದ 1,054 ಜನರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ ಆರು ವಾರ ಅರ್ಧ ಜನಕ್ಕೆ ರಕ್ತನಾಳದಲ್ಲಿ ಕೊಟ್ಟರು, ಅರ್ಧ ಜನಕ್ಕೆ ಸರಿಯಾಗಿ ಆರಿಸಿದ ಮಾತ್ರೆ. ಒಂದು ವರ್ಷದ ನಂತರ ನೋಡಿದರೆ ಚಿಕಿತ್ಸೆ ಸೋತದ್ದು ಡ್ರಿಪ್‌ನವರಲ್ಲಿ ಶೇಕಡಾ 14.6, ಮಾತ್ರೆಯವರಲ್ಲಿ ಶೇಕಡಾ 13.2. ಹೆಚ್ಚುಕಮ್ಮಿ ಒಂದೇ. ಅಪ್ಪನಿಗೆ ಮಾತ್ರೆ ದಾರಿ ಮುಚ್ಚಿತ್ತು. ನಿಮ್ಮವರಿಗೆ ಮುಚ್ಚಿರಬೇಕೆಂದಿಲ್ಲ.

ಅಪ್ಪನಿಗೆ ಕೊಟ್ಟದ್ದು ಎರ್ಟಾಪೆನೆಮ್, ದಿನಕ್ಕೊಂದೇ ಸಲ. ಮನೆಯಲ್ಲಿ ಕೊಡಲು ಆದದ್ದೇ ಅದರಿಂದ. ಮೆರೊಪೆನೆಮ್ ಆಗಿದ್ದರೆ ಎಂಟು ಗಂಟೆಗೊಮ್ಮೆ ಕೊಡಬೇಕಿತ್ತು, ನಮ್ಮಂಥವರ ಕೈಲಿ ಆಗುತ್ತಿರಲಿಲ್ಲ. ತೋಳಿಗೆ ಪಿಕ್ ಲೈನ್ ಹಾಕಿದರು. ಅದು ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ನಳಿಗೆ. ಡ್ರಿಪ್‌ಗೆ ಕೈಗೆ ಚುಚ್ಚುವ ಮಾಮೂಲಿ ಸಣ್ಣ ನಳಿಗೆ, ಅಂದರೆ ಕ್ಯಾನುಲಾ, ಕೆಲವೇ ದಿನಕ್ಕೆ ಕೆಡುತ್ತದೆ, ಇದು ವಾರಗಟ್ಟಲೆ ಇರುತ್ತದೆ. ಮೊದಲ ಡೋಸುಗಳನ್ನು ಆಸ್ಪತ್ರೆಯಲ್ಲೇ ಕೊಟ್ಟು ಅಲರ್ಜಿ ಆಗುವುದಿಲ್ಲ ಎಂದು ನೋಡಿಕೊಂಡೇ ಕಳಿಸಿದರು.

ಮೂಡಿಗೆರೆಯಿಂದ ಒಬ್ಬರು ಸಿಸ್ಟರ್ ಬೆಳಿಗ್ಗೆ ಸ್ಕೂಟಿಯಲ್ಲಿ ಬರುತ್ತಿದ್ದರು. ಬಂದವರೇ ರೇನ್‌ಕೋಟ್ ಬಿಚ್ಚಿ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುವುದು. ಆಮೇಲೆ ಲೈನಿನ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒತ್ತಿ ತಿರುಗಿಸಿ ಉಜ್ಜುವುದು, ಹದಿನೈದು ಎಣಿಸುವವರೆಗೆ. ಎಣಿಸುವ ಕೆಲಸ ಅಪ್ಪನದು. ಒಂದು ದಿನ ಅಪ್ಪ ಹತ್ತಕ್ಕೇ "ಸಾಕು ಬಿಡಮ್ಮ" ಅಂದರು. ಸಿಸ್ಟರ್ "ಗೌಡ್ರೇ, ಇನ್ನೂ ಐದು ಬಾಕಿ" ಅಂದು ಮತ್ತೆ ಒಂದರಿಂದ ಶುರು ಮಾಡಿದರು. ಆಮೇಲೆ ಒಣಗಲು ಬಿಡುವುದು. ಮೊದಲು ಸಲೈನ್ ತಳ್ಳಿ ನೋಡುವುದು. ಅಪ್ಪನಿಗೆ ಆಗ ಬಾಯಲ್ಲಿ ಉಪ್ಪುಪ್ಪು ಅನ್ನಿಸುತ್ತಿತ್ತು. ಆಮೇಲೆ ಪುಡಿ ಕಲಸಿ, ಬಾಟಲಿಗೆ ಸೇರಿಸಿ, ಕೊಕ್ಕೆಗೆ ತೂಗುಹಾಕಿ ಅರ್ಧ ಗಂಟೆ. ಅಷ್ಟರಲ್ಲಿ ಅಮ್ಮ ಕಡುಬು ಇಳಿಸುತ್ತಿದ್ದರು. ವಾರ್ಡಿನಲ್ಲಿ ತಟ್ಟೆ ಮುಟ್ಟದ ಮನುಷ್ಯ ಮನೆಯಲ್ಲಿ ಹೊಟ್ಟೆ ತುಂಬ ತಿಂದರು.

ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಎಣ್ಣೆ ಕ್ಯಾನಿಗೆ ಹಾಕಿ ಮುಚ್ಚಳ ತಿರುಗಿಸಿ ಇಡುತ್ತಿದ್ದೆವು. ತುಂಬಿದ ಮೇಲೆ ಆಸ್ಪತ್ರೆಗೇ ವಾಪಸ್. ತಿಪ್ಪೆಗೆ ಎಸೆದರೆ ನಾಳೆ ಗೊಬ್ಬರ ಹೊರುವವರ ಕೈಗೆ ಚುಚ್ಚುತ್ತದೆ.

ಇಷ್ಟೆಲ್ಲ ಚೆನ್ನಾಗಿ ನಡೆದಿತ್ತು. ಹತ್ತೊಂಬತ್ತನೇ ದಿನ ಬಾಟಲಿ ಇಳಿಸಿ ಅರ್ಧ ಗಂಟೆಯಾಗಿಲ್ಲ, ಅಪ್ಪನಿಗೆ ನಡುಕ ಶುರುವಾಯಿತು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಜ್ವರ 103. ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವರು "ಯಾವ ವಾರ್ಡ್?" ಎಂದು ಕೇಳಿದರು. ಡಿಸ್ಚಾರ್ಜ್ ಆಗಿದೆ, ಮನೆಯಲ್ಲಿ ಔಷಧಿ ನಡೀತಿದೆ ಎಂದೆ. "ಹಾಗಾದ್ರೆ ನಮ್ಮ ಪೇಶೆಂಟ್ ಅಲ್ಲ, ನಾಳೆ ಓಪಿಡಿಗೆ ಬನ್ನಿ" ಅಂದರು. ಮತ್ತೆ ಮಾಡಿದೆ. ಎತ್ತಲೇ ಇಲ್ಲ. ಸಂಜೆ ಹೊತ್ತಿಗೆ ಜ್ವರ ಇಳಿದಂತಾಯಿತು. ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾದೆವು. ರಾತ್ರಿ ಹನ್ನೊಂದಕ್ಕೆ ಮತ್ತೆ ನಡುಗಿದರು, ಮಾತು ತಡವರಿಸಿತು. ಕರೆಂಟ್ ಇಲ್ಲ, ಮಳೆ ಹೊಡೆಯುತ್ತಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಹಾಸನಕ್ಕೆ ಹೊರಟೆವು. ಬೇಲೂರು ದಾಟುವವರೆಗೂ ನಾನು ಅಪ್ಪನ ಕೈ ಬಿಡಲಿಲ್ಲ.

ಲೈನಿಗೇ ಸೋಂಕು ತಗುಲಿತ್ತು. ಲೈನಿನಲ್ಲಿ ಔಷಧಿ ಹರಿಸಿದ ಕೂಡಲೇ ನಡುಕ ಬಂದರೆ ಮೊದಲು ಅನುಮಾನಿಸಬೇಕಾದ್ದೇ ಅದನ್ನು ಅಂತೆ. ಆ ದಿನ ಬೆಳಿಗ್ಗೆ ಫೋನಿನಲ್ಲಿ ಯಾರಾದರೂ "ಈಗಲೇ ಬನ್ನಿ" ಎಂದು ಎರಡು ಪದ ಹೇಳಿದ್ದರೆ ಸಾಕಿತ್ತು. ಲೈನ್ ತೆಗೆದರು, ಮತ್ತೆ ಒಂದು ವಾರ ಅಡ್ಮಿಟ್. ಆಮೇಲೆ ಇನ್ನೊಂದು ತೋಳಿಗೆ ಹೊಸ ಲೈನ್ ಹಾಕಿಸಿಕೊಂಡು ಮನೆಯಲ್ಲೇ ಕೋರ್ಸ್ ಮುಗಿಸಿದೆವು. ಹೌದು, ಮನೆಯಲ್ಲೇ. ಅಷ್ಟಾದ ಮೇಲೂ ಮನೆ ಚಿಕಿತ್ಸೆ ತಪ್ಪು ಎಂದು ನನಗೆ ಅನ್ನಿಸಿಲ್ಲ. ಲೈನಿನ ಸೋಂಕು ಆಸ್ಪತ್ರೆಯಲ್ಲೂ ಆಗುತ್ತದೆ. ಅಲ್ಲಿ ನೋಡುವವರು ಇರುತ್ತಾರೆ, ಅಷ್ಟೇ ವ್ಯತ್ಯಾಸ.

ಆ "ನಮ್ಮ ಪೇಶೆಂಟ್ ಅಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎದೆವರೆಗೆ ನಳಿಗೆ ಇಟ್ಟು ಕಳಿಸಿದವರು, ಅದನ್ನು ತೆಗೆಯುವ ದಿನದವರೆಗೆ ಆ ಮನುಷ್ಯನಿಗೆ ಜವಾಬ್ದಾರರು. ರಾತ್ರಿ ಎತ್ತುವ ಒಂದು ನಂಬರ್ ಕೊಡಬೇಕು. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ನೋಡಬೇಕು. ನಮಗೆ ಬರೆದುಕೊಟ್ಟಿದ್ದರು ನಿಜ, ನೋಡುವವರು ಯಾರು ಎಂದು ಹೇಳಿರಲಿಲ್ಲ. ಎರ್ಟಾಪೆನೆಮ್ ಕಿಡ್ನಿಯಿಂದ ಹೊರಹೋಗುವ ಔಷಧಿ. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ತುಂಬ ಏರಿದರೆ ಡೋಸ್ ಇಳಿಸಬೇಕು, ಇಲ್ಲವಾದರೆ ತಲೆ ಗೊಂದಲವಾಗಬಹುದು, ಫಿಟ್ಸ್ ಕೂಡ ಬರಬಹುದು. ಇದನ್ನು ತಾಲ್ಲೂಕು ಆಸ್ಪತ್ರೆಗೆ ಒಂದು ಪತ್ರ ಬರೆದು ಕೊಟ್ಟಿದ್ದರೂ ಆಗುತ್ತಿತ್ತು. ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ವಾರಕ್ಕೊಮ್ಮೆ ಬಂದು ಡ್ರೆಸ್ಸಿಂಗ್ ನೋಡಿ, ತೋಳು ಊದಿದೆಯಾ, ಕೆಂಪಾಗಿದೆಯಾ ಎಂದು ಬರೆದುಕೊಂಡು ಹೋದರೂ ಎಷ್ಟೋ ಧೈರ್ಯ. ಕಾಫಿ ಸೀಮೆಯಲ್ಲಿ ತೋಟದ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇರುವವರಿಗೆ ಜೀಪಿನ ನೆರೆಯವರು ಇರುವುದಿಲ್ಲ. ಅವರಿಗೆ ಈ ಚಿಕಿತ್ಸೆ ಸಿಗಬೇಕಾದರೆ ಈ ವ್ಯವಸ್ಥೆ ಮೊದಲು ಬರಬೇಕು.

ಅಪ್ಪನ ಬೆರಳಿನ ಗಾಯ ಈಗ ಮಾಗಿದೆ. ತೋಟಕ್ಕೆ ಬೂಟು ಹಾಕದೆ ಇಳಿಯುವುದಿಲ್ಲ, ರಾತ್ರಿ ಮಲಗುವ ಮುಂಚೆ ಅಮ್ಮ ಟಾರ್ಚ್ ಹಿಡಿದು ಎರಡೂ ಪಾದ ನೋಡುತ್ತಾರೆ.

ಸಿಸ್ಟರ್ ಹೇಳಿಕೊಟ್ಟದ್ದನ್ನೆಲ್ಲ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾವ ಲಕ್ಷಣಕ್ಕೆ ಕೂಡಲೇ ಹೊರಡಬೇಕು, ಒದ್ದೆಯಾಗದಂತೆ ಸ್ನಾನ ಹೇಗೆ, ಸೂಜಿ ಎಲ್ಲಿ ಹಾಕಬೇಕು, ಎಲ್ಲ ಇದೆ. ಬೇಕಾದವರು ಕೇಳಿ, ಕಳಿಸುತ್ತೇನೆ. ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ. ಹಾಳೆಯ ಮೇಲ್ಗಡೆ ಫೋನ್ ನಂಬರಿಗೆ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ಅವರ ಕೈಯಲ್ಲೇ ಬರೆಸಿಕೊಂಡು, ಅಲ್ಲೇ ನಿಂತು ಒಂದು ಸಲ ಫೋನ್ ಮಾಡಿ ನೋಡಿ, ಆಮೇಲೆ ಮನೆಗೆ ಹೊರಡಿ.