ಎದ್ದು ಹೋದವರ ಪರವಾಗಿ ನಾಲ್ಕು ಮಾತು

ಅಮೆರಿಕದ ಬಫಲೋ ಊರಿನಲ್ಲಿ ಐವತ್ತು ದಾಟಿದ ಯಾರ ಜೊತೆ ಬೇಕಾದರೂ ಮಾತಿಗೆ ಕೂತು ನೋಡಿ. ಹಿಮ, ಚಳಿ, ಮಂಡಿನೋವು ಎಲ್ಲ ಮುಗಿದ ಮೇಲೆ ಮಾತು 1993ರ ಜನವರಿ 3ಕ್ಕೆ ಬಂದು ನಿಲ್ಲುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಫಲೋ ಬಿಲ್ಸ್ ತಂಡ 35-3ರ ಹಿನ್ನಡೆಯಿಂದ ಎದ್ದು ಬಂದು ಹ್ಯೂಸ್ಟನ್ ಆಯಿಲರ್ಸ್ ತಂಡವನ್ನು 41-38ಕ್ಕೆ ಸೋಲಿಸಿದ ದಿನ ಅದು. ಇಲ್ಲಿನವರು ಅದನ್ನು 'ದ ಕಮ್‌ಬ್ಯಾಕ್' ಅಂತಲೇ ಕರೆಯುತ್ತಾರೆ. ಆ ಮಾತು ಶುರುವಾದರೆ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ. "ಕೊನೇ ತನಕ ಇದ್ರಾ, ಇಲ್ಲಾ ಎದ್ದು ಹೋಗಿದ್ರಾ?"

ಈ ಪ್ರಶ್ನೆ ಕೇಳಿದರೆ ನನಗೆ ಬೇಜಾರಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯ ಹಿರಿಯರಿಗೆ ಈಗ ಎಪ್ಪತ್ತರ ಮೇಲೆ. ನಾನು ಈ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ ಮನೆ ಮುಂದಿನ ಹಿಮ ಎತ್ತುವುದನ್ನು ಕಲಿಸಿದವರು ಅವರು. ಈ ಆಟವನ್ನು ಕಲಿಸಿದವರೂ ಅವರೇ. ಅವರ ಗ್ಯಾರೇಜಿನಲ್ಲಿ ಒಂದು ಹೀಟರ್, ಎರಡು ಮಡಚುವ ಕುರ್ಚಿ, ಗೋಡೆಗೆ ಒಂದು ಟಿವಿ. ಪ್ರತಿ ಭಾನುವಾರ ಅಲ್ಲೇ ನಮ್ಮ ಪಾಠ. ಆ ಜನವರಿಯ ಆಟಕ್ಕೆ ಮಗನ ಜೊತೆ ಹೋಗಿದ್ದೆ, ಕೊನೆಯವರೆಗೂ ಇದ್ದೆ ಅಂತ ಎಷ್ಟೋ ಸಲ ಹೇಳಿದ್ದರು. ನಾನೂ ಹಾಗೇ ನಂಬಿದ್ದೆ.

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ, ಅದರ ಮೇಲೆ ಒಂದು ಕಿಕ್‌ಗೆ 1. ದೂರದಿಂದಲೇ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಅಂದರೆ ಆಗಿನ ನಿಯಮದಲ್ಲಿ 32 ಅಂಕ ಹಿಂದೆ ಬಿದ್ದವರು ನಾಲ್ಕು ಟಚ್‌ಡೌನ್ ಹೊಡೆದರೂ ಸಮ ಆಗುತ್ತಿರಲಿಲ್ಲ. ಅಷ್ಟರಲ್ಲಿ ಎದುರಾಳಿ ಒಂದು ಅಂಕವನ್ನೂ ಗಳಿಸಬಾರದು. ಲೆಕ್ಕ ಬರುವವರು ಯಾರೇ ಆದರೂ ಏಳುತ್ತಾರೆ, ಅಲ್ವಾ?

ಅವತ್ತಿನ ಪರಿಸ್ಥಿತಿ ನೋಡಿ. ಹಿಂದಿನ ವಾರವಷ್ಟೇ ಇದೇ ಆಯಿಲರ್ಸ್ ಹ್ಯೂಸ್ಟನ್‌ನಲ್ಲಿ ಬಿಲ್ಸ್ ತಂಡವನ್ನು 27-3ಕ್ಕೆ ಹೊಡೆದು ಕಳಿಸಿದ್ದರು. ಆ ಆಟದಲ್ಲೇ ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ, ಜಿಮ್ ಕೆಲ್ಲಿಯ ಮೊಣಕಾಲಿಗೆ ಪೆಟ್ಟು. ಅವರ ಜಾಗಕ್ಕೆ ಬಂದವರು ಫ್ರಾಂಕ್ ರೈಕ್, ವರ್ಷವಿಡೀ ಬೆಂಚಿನಲ್ಲಿ ಕೂರುವ ಆಟಗಾರ. ಅದರ ಹಿಂದಿನ ಎರಡು ವರ್ಷ ಬಿಲ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋಗಿ ಸೋತಿದ್ದರು. ಮೊದಲನೆಯದು ಒಂದೇ ಅಂಕದಿಂದ. ಜನಕ್ಕೆ ಆಸೆ ಪಟ್ಟು ಪಟ್ಟು ಸುಸ್ತಾಗಿತ್ತು. ಹಾಫ್‌ಟೈಮ್‌ಗೆ 28-3. ಹ್ಯೂಸ್ಟನ್‌ನ ವಾರನ್ ಮೂನ್ ಮೊದಲರ್ಧದಲ್ಲಿ 22 ಸಲ ಎಸೆದು 19 ಸಲ ತನ್ನವರ ಕೈಗೇ ಮುಟ್ಟಿಸಿದ್ದರು. ನಾಲ್ಕು ಟಚ್‌ಡೌನ್. ವಿರಾಮ ಮುಗಿದು ಎರಡು ನಿಮಿಷವೂ ಆಗಿರಲಿಲ್ಲ, ರೈಕ್ ಎಸೆದ ಚೆಂಡನ್ನು ಎದುರಾಳಿ ಹ್ಯೂಸ್ಟನ್‌ನ ಬಬ್ಬಾ ಮೆಕ್‌ಡೊವೆಲ್ ಹಿಡಿದು 58 ಗಜ ಓಡಿ ಇನ್ನೊಂದು ಟಚ್‌ಡೌನ್ ಮಾಡಿದರು. 35-3.

ಜನ ಎದ್ದರು. ಸಾವಿರಾರು ಜನ. ಅವರನ್ನು ನಾನು ತಪ್ಪು ಅನ್ನುವುದಿಲ್ಲ.

2022ರ ಡಿಸೆಂಬರ್ 17, ಶನಿವಾರ. ಅದೇ ಗ್ಯಾರೇಜಿನಲ್ಲಿ ಕೂತು ಮಿನ್ನೆಸೋಟ ವೈಕಿಂಗ್ಸ್ ಮತ್ತು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಆಟ ನೋಡುತ್ತಿದ್ದೆವು. ಹಾಫ್‌ಟೈಮ್‌ಗೆ ಕೋಲ್ಟ್ಸ್ 33-0 ಮುಂದಿದ್ದರು. ಆಮೇಲೆ ವೈಕಿಂಗ್ಸ್ ಒಂದೊಂದೇ ಹೊಡೆಯುತ್ತಾ ಬಂದು, ಓವರ್‌ಟೈಮ್‌ನಲ್ಲಿ 39-36ಕ್ಕೆ ಗೆದ್ದರು. ಮೂವತ್ತು ವರ್ಷ ಹತ್ತಿರ ಹತ್ತಿರ ಬಫಲೋದ ಹೆಸರಲ್ಲಿದ್ದ, ಅತಿ ಹೆಚ್ಚು ಅಂಕ ಹಿಂದಿದ್ದು ಗೆದ್ದ ದಾಖಲೆ ಒಂದು ಅಂಕದಿಂದ ಹೋಯಿತು. ಪ್ಲೇಆಫ್, ಅಂದರೆ ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಆಟಗಳ ದಾಖಲೆ ಮಾತ್ರ ಇನ್ನೂ ನಮ್ಮದೇ. ಆ ಕೋಲ್ಟ್ಸ್ ತಂಡಕ್ಕೆ ಹಿಂದಿನ ತಿಂಗಳವರೆಗೂ ಕೋಚ್ ಆಗಿದ್ದವರು ಯಾರು ಗೊತ್ತಾ? ಇದೇ ಫ್ರಾಂಕ್ ರೈಕ್. ನವೆಂಬರ್‌ನಲ್ಲಿ ಅವರನ್ನು ತೆಗೆದಿದ್ದರು.

ಕೊನೆಯ ಕಿಕ್ ಆದ ಮೇಲೆ ಹಿರಿಯರು ಟಿವಿಯ ಸದ್ದು ಪೂರ್ತಿ ಇಳಿಸಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಿನಗೊಂದು ಮಾತು ಹೇಳಬೇಕು. ಅವತ್ತು ನಾವು ಎದ್ದು ಹೋಗಿದ್ವಿ" ಅಂದರು.

ಮಗನಿಗೆ ಆಗ ಹತ್ತು ವರ್ಷ. ಕಾಲು ಮರಗಟ್ಟಿದೆ ಅಂತ ಅಳುತ್ತಿದ್ದ. ಮೆಕ್‌ಡೊವೆಲ್ ಗೆರೆ ದಾಟಿದ ತಕ್ಷಣ ಕಂಬಳಿ ಸುತ್ತಿಕೊಂಡು ಹೊರಟರು. ಆರ್ಚರ್ಡ್ ಪಾರ್ಕ್‌ನಲ್ಲಿ ಸ್ಟೇಡಿಯಂ ಸುತ್ತ ಮನೆಯವರು ತಮ್ಮ ಹುಲ್ಲುಹಾಸಿನ ಮೇಲೆಯೇ ದುಡ್ಡು ತಗೊಂಡು ಕಾರು ನಿಲ್ಲಿಸಿಕೊಳ್ಳುತ್ತಾರೆ. ಅವರ ಕಾರಿನ ಹಿಂದೆ ಇನ್ನೂ ಎರಡು ಕಾರು. ಆಚೆ ತೆಗೆಯೋಕೆ ದಾರಿಯೇ ಇಲ್ಲ. ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿ, ರೇಡಿಯೋ ಹಾಕಿದರು. ರೇಡಿಯೋದಲ್ಲಿ ವ್ಯಾನ್ ಮಿಲ್ಲರ್, ಬಿಲ್ಸ್ ಆಟಗಳ ಕಾಮೆಂಟರಿಗೆ ಈ ಊರಿನವರೆಲ್ಲ ನಂಬಿದ್ದ ದನಿ.

35-10 ಆಗಿತ್ತು. ಇರಲಿ ಬಿಡು ಅಂದುಕೊಂಡರು. ಆಮೇಲೆ ಬಿಲ್ಸ್ ಆನ್‌ಸೈಡ್ ಕಿಕ್ ಮಾಡಿದರು. ಚೆಂಡನ್ನು ದೂರ ಒದೆಯದೆ ಮೆಲ್ಲಗೆ ಒದ್ದು ತಾವೇ ಹಿಡಿಯುವ ಸಾಹಸ ಅದು. ಒದ್ದ ಸ್ಟೀವ್ ಕ್ರಿಸ್ಟಿಯೇ ಚೆಂಡಿನ ಮೇಲೆ ಬಿದ್ದರು. ಸ್ವಲ್ಪ ಹೊತ್ತಲ್ಲೇ ಡಾನ್ ಬೀಬಿ 38 ಗಜದ ಟಚ್‌ಡೌನ್. 35-17. ಆ ಕಾರಿನೊಳಗಿನ ಒಂದು ವಿಷಯ ಅವರು ಹೇಳಿದ್ದು ನನ್ನ ಮನಸ್ಸಲ್ಲಿ ಉಳಿದುಬಿಟ್ಟಿದೆ. ಮೊದಲು ರೇಡಿಯೋದಲ್ಲಿ ವ್ಯಾನ್ ಮಿಲ್ಲರ್ ಕೂಗುತ್ತಿದ್ದರಂತೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ ಸ್ಟೇಡಿಯಂ ಕಡೆಯಿಂದ ನಿಜವಾದ ಕೂಗು ಬಂದು ಕಾರಿನ ಗಾಜಿಗೆ ತಾಗುತ್ತಿತ್ತಂತೆ. ಎರಡನೇ ಸಲ ಹಾಗಾದಾಗ ಮಗ ಕಾಲು ಮರಗಟ್ಟಿದ್ದನ್ನು ಮರೆತು ಬಾಗಿಲು ತೆಗೆದು ಓಡಿದ.

ಗೇಟಿನಲ್ಲಿ ಬಿಡಲಿಲ್ಲ. ಒಮ್ಮೆ ಹೊರಗೆ ಹೋದವರನ್ನು ಮತ್ತೆ ಒಳಗೆ ಸೇರಿಸುವ ಪದ್ಧತಿ ಇರಲಿಲ್ಲ. ಅಷ್ಟರಲ್ಲಿ ಗೇಟಿನ ಮುಂದೆ ಜಾತ್ರೆ. ಕೈಯಲ್ಲಿ ಹರಿದ ಟಿಕೆಟ್ ಹಿಡಿದು ಬೇಡುವವರು ಕೆಲವರು. ಉಳಿದವರು ಬೇಲಿ ಹತ್ತುತ್ತಿದ್ದರು. ಕೋಟು ಹಾಕಿದ ದೊಡ್ಡ ದೊಡ್ಡ ಮನುಷ್ಯರು! ಹಿರಿಯರು ಮಗನನ್ನು ಹೆಗಲ ಮೇಲೆ ನಿಲ್ಲಿಸಿ ಬೇಲಿಗೆ ಹತ್ತಿಸಿದರು. ಹುಡುಗ ತುದಿಯಲ್ಲಿ ಕೂತಿದ್ದಾಗ ಒಳಗಿಂದ ದೊಡ್ಡ ಸದ್ದು. ಏನಾಯ್ತು ಅಂತ ಹೊರಗೆ ಯಾರಿಗೂ ಗೊತ್ತಿಲ್ಲ. ಕಾವಲಿನವನ ಜೇಬಲ್ಲಿ ಒಂದು ಪುಟ್ಟ ರೇಡಿಯೋ ಇತ್ತು. ಬೇಲಿಯಿಂದ ಇಳಿಸಬೇಕಾದವನೇ ತಲೆ ಎತ್ತಿ ಹುಡುಗನಿಗೆ, "ಆಂಡ್ರೆ ರೀಡ್! ಮತ್ತೆ ರೀಡ್!" ಅಂದನಂತೆ. ಬಿಲ್ಸ್‌ನ ರೀಡ್ ಒಂದಾದ ಮೇಲೊಂದು ಎರಡು ಟಚ್‌ಡೌನ್ ಹೊಡೆದಿದ್ದರು. 35-31. ಏಳು ನಿಮಿಷದೊಳಗೆ ನಾಲ್ಕು ಟಚ್‌ಡೌನ್. ಕೊನೆಗೆ ಗೇಟು ತೆಗೆದುಬಿಟ್ಟರು.

ಇಷ್ಟನ್ನು ಹೇಳೋಕೆ ಅವರಿಗೆ ಮೂವತ್ತು ವರ್ಷ ಬೇಕಾಯಿತು. ಯಾಕೆ? ಎದ್ದು ಹೋದವರು ಅಭಿಮಾನಿಗಳೇ ಅಲ್ಲ ಅನ್ನುವ ಮಾತನ್ನು ಆ ದಿನದಿಂದ ಕೇಳುತ್ತಾ ಬಂದಿದ್ದರು. ನನಗೆ ನಿಜಕ್ಕೂ ಸಂಕಟ ಆಯಿತು. ಕೂತಲ್ಲೇ ಕೂತವರಿಗೆ ಗೆಲುವು ಬಂದು ಸಿಕ್ಕಿತು. ಅವರ ತಾಳ್ಮೆ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಬಿಟ್ಟು ಹೋದ ಮೇಲೂ ರೇಡಿಯೋ ಹಾಕಿದವರು, ಓಡಿ ಬಂದವರು, ಬೇಲಿ ಹತ್ತಿದವರು, ಅವರದ್ದು ಅಭಿಮಾನ ಅಲ್ವಾ? ತಂಡವನ್ನು ಬಿಟ್ಟು ಹೋಗೋಕೆ ನೋಡಿ ಆಗದೇ ವಾಪಸ್ ಬಂದವರು ಅವರು.

ಇನ್ನೊಂದು ವಿಷಯ. ಆ ಆಟವನ್ನು ಬಫಲೋ ಊರು ಟಿವಿಯಲ್ಲಿ ನೋಡಲೇ ಇಲ್ಲ. ಆಗ ಲೀಗಿನ ಒಂದು ನಿಯಮವಿತ್ತು. ಆಟಕ್ಕೆ 72 ಗಂಟೆ ಮುಂಚೆ ಎಲ್ಲ ಟಿಕೆಟ್ ಮಾರಾಟವಾಗಿರದಿದ್ದರೆ ಸುತ್ತಲಿನ ಊರುಗಳಲ್ಲಿ ಪ್ರಸಾರ ಇಲ್ಲ. ಆಗ ರಿಚ್ ಸ್ಟೇಡಿಯಂ ಅನ್ನುತ್ತಿದ್ದ ಬಿಲ್ಸ್‌ನ ಸ್ಟೇಡಿಯಂನಲ್ಲಿ 80,000ಕ್ಕಿಂತ ಹೆಚ್ಚು ಸೀಟು ಇದ್ದವು. ಅವತ್ತು ಬಂದವರು 75,141. ಖಾಲಿ ಉಳಿದ ಅಷ್ಟು ಸೀಟಿಗೋಸ್ಕರ ಇಡೀ ಊರಿನ ಪರದೆ ಆರಿಸಿದರು. ದೇಶವೆಲ್ಲ ನೋಡಿತು, ಹ್ಯೂಸ್ಟನ್ ನೋಡಿತು, ಬಫಲೋ ಮಾತ್ರ ಕೇಳಿಸಿಕೊಂಡಿತು. 2015ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಒಳ್ಳೆಯದಾಯಿತು. ಕಾರ್ಖಾನೆಗಳು ಮುಚ್ಚಿ ಕೈ ಬರಿದಾಗಿದ್ದ ಊರಿಗೆ, ಕ್ರಿಸ್ಮಸ್ ಖರ್ಚು ಮುಗಿದ ವಾರದಲ್ಲಿ, ಟಿಕೆಟ್ ಕೊಳ್ಳದಿದ್ದಕ್ಕೆ ಅಂಥ ಶಿಕ್ಷೆ ಕೊಡಬಾರದಿತ್ತು.

ಆದರೆ ಕಿವಿಯ ನೆನಪು ಎಷ್ಟು ಗಟ್ಟಿ ನೋಡಿ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಆಗ ಹದಿನಾಲ್ಕು ವರ್ಷ. 35-3 ಆದಾಗ ಅವರ ಅಪ್ಪ ಅಡುಗೆಮನೆಯ ರೇಡಿಯೋ ಆರಿಸಿ ಹೊರಗೆ ಹೋದರಂತೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಮ್ಮ, ಕೆಲಸ ಮಾಡುವಾಗ ಏನಾದರೂ ಕೇಳಿಸುತ್ತಿರಲಿ ಅಂತ ಒದ್ದೆ ಕೈಯಲ್ಲೇ ಮತ್ತೆ ಹಾಕಿದರು. ಬೀಬಿಯ ಟಚ್‌ಡೌನ್ ಆದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು, ಒಂದು ಕೈ ಚೌಕಟ್ಟಿನ ಮೇಲೆ. ಅಲ್ಲಿಂದ ಆಟ ಮುಗಿಯುವವರೆಗೂ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಅಲುಗಾಡಿದರೆ ಅದೃಷ್ಟ ಕೆಡುತ್ತದೆ ಅಂತ! ಅಮ್ಮ ಮಾತ್ರ ಬೇಡದಿದ್ದರೂ ಇನ್ನಷ್ಟು ಆಲೂಗಡ್ಡೆ ತಗೊಂಡು ಸಿಪ್ಪೆ ತೆಗೆಯುತ್ತಲೇ ಇದ್ದರಂತೆ.

ಕೊನೆಯ ಭಾಗ ಎಲ್ಲರಿಗೂ ಬಾಯಿಪಾಠ. ಮೂರು ನಿಮಿಷ ಚಿಲ್ಲರೆ ಉಳಿದಿದ್ದಾಗ ರೈಕ್ ಎಸೆದು ರೀಡ್ ಹಿಡಿದ ಮೂರನೇ ಟಚ್‌ಡೌನ್, ಬಿಲ್ಸ್ 38-35. ಹ್ಯೂಸ್ಟನ್ 12 ಸೆಕೆಂಡ್ ಇರುವಾಗ ಫೀಲ್ಡ್ ಗೋಲ್ ಹೊಡೆದು ಸಮ ಮಾಡಿತು. ಓವರ್‌ಟೈಮ್‌ನಲ್ಲಿ ಬಿಲ್ಸ್‌ನ ನೇಟ್ ಓಡೋಮ್ಸ್, ಮೂನ್ ಎಸೆದ ಚೆಂಡನ್ನು ಕಿತ್ತುಕೊಂಡರು. ಕ್ರಿಸ್ಟಿ 32 ಗಜದಿಂದ ಒದ್ದರು. ಮುಗಿಯಿತು.

ರೈಕ್‌ಗೆ ಇದು ಹೊಸದಲ್ಲ. 1984ರಲ್ಲಿ ಮೇರಿಲ್ಯಾಂಡ್ ಕಾಲೇಜು ತಂಡದಲ್ಲಿದ್ದಾಗ ಮಯಾಮಿ ಎದುರು 31-0 ಹಿಂದಿದ್ದ ತಂಡವನ್ನು 42-40ಕ್ಕೆ ಗೆಲ್ಲಿಸಿದ್ದರು. ಅಲ್ಲೂ ಮಧ್ಯದಲ್ಲಿ ಬದಲಿಯಾಗಿ ಬಂದವರೇ.

ಹ್ಯೂಸ್ಟನ್‌ನವರು ಇದೇ ಆಟವನ್ನು 'ದ ಚೋಕ್' ಅನ್ನುತ್ತಾರೆ, ಗೆಲುವು ಕೈಯಲ್ಲಿದ್ದಾಗ ಕೈಚೆಲ್ಲಿದರು ಅಂತ. ಇದೂ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮೂನ್ ಅವತ್ತು 371 ಗಜ ಎಸೆದರು, ಸೋಲುವ ಹೊತ್ತಲ್ಲಿ ತಂಡವನ್ನು ಮತ್ತೆ ಸಮಕ್ಕೆ ತಂದರು. ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳನ್ನು ನಂಬದ ಕಾಲದಲ್ಲಿ ಈ ಲೀಗಿನಲ್ಲಿ ಯಾವ ತಂಡವೂ ಆರಿಸದೆ ಕೆನಡಾಗೆ ಹೋಗಿ ಅಲ್ಲಿನ ಲೀಗಿನ ಗ್ರೇ ಕಪ್ ಐದು ಸಲ ಗೆದ್ದು ಬಂದ ಮನುಷ್ಯ ಅವರು. ಬೀಬಿ ಆ ಟಚ್‌ಡೌನ್‌ಗೆ ಮುಂಚೆ ಮೈದಾನದ ಅಂಚಿನ ಗೆರೆ ತುಳಿದಿದ್ದರು ಅನ್ನುವುದೂ ನಿಜ. ಆ ವರ್ಷ ವಿಡಿಯೋ ನೋಡಿ ತೀರ್ಪು ಬದಲಿಸುವ ವ್ಯವಸ್ಥೆ ಇರಲಿಲ್ಲ. ನಮ್ಮ ಹಿರಿಯರೂ ಅದನ್ನು ಒಪ್ಪುತ್ತಾರೆ. ಕೆಲವೇ ವರ್ಷದಲ್ಲಿ ಆಯಿಲರ್ಸ್ ತಂಡವೇ ಊರು ಬಿಟ್ಟು ಟೆನ್ನೆಸೀಗೆ ಹೋಯಿತು. ಹ್ಯೂಸ್ಟನ್ ಜನಕ್ಕೆ ಆ ಸೋಲನ್ನು ತೀರಿಸಿಕೊಳ್ಳೋಕೆ ತಂಡವೂ ಉಳಿಯಲಿಲ್ಲ.

ಬಿಲ್ಸ್ ಆ ವರ್ಷ ಕಪ್ ಗೆದ್ದರಾ? ಇಲ್ಲ. ಪಿಟ್ಸ್‌ಬರ್ಗ್, ಮಯಾಮಿ ಎರಡನ್ನೂ ಸೋಲಿಸಿ, ಸೂಪರ್ ಬೌಲ್‌ನಲ್ಲಿ ಡಲ್ಲಾಸ್‌ಗೆ 52-17ಕ್ಕೆ ಸೋತರು. ಮರುವರ್ಷವೂ ಸೋತರು. ಸತತ ನಾಲ್ಕು. ಹಾಗಾಗಿ ಈ ಊರು ಎದೆಗೆ ಅವಚಿಕೊಂಡಿರುವುದು ಪ್ಲೇಆಫ್‌ನ ಮೊದಲ ಸುತ್ತಿನ ಈ ಒಂದು ಆಟವನ್ನು.

ನನಗೆ ಯಾಕೆ ಇಷ್ಟೊಂದು ತಾಗಿತು ಅಂದರೆ, ನಾನೂ ಎದ್ದು ಬಂದವನೇ. 1996ರ ಅಕ್ಟೋಬರ್ 21, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ಟೈಟಾನ್ ಕಪ್. ಆಸ್ಟ್ರೇಲಿಯಾ ಎದುರು 216 ಬೇಕಿತ್ತು. ಸಚಿನ್ 88ಕ್ಕೆ ಔಟಾದಾಗ 8 ವಿಕೆಟಿಗೆ 164. ಸೋದರಮಾವ "ಬಾರೋ, ಬಸ್ಸಲ್ಲಿ ಸೀಟಾದ್ರೂ ಸಿಗಲಿ" ಅಂತ ಕೈ ಹಿಡಿದು ಎಬ್ಬಿಸಿದರು. ನಮ್ಮ ಶ್ರೀನಾಥ್, ಕುಂಬ್ಳೆ ಸೇರಿ ಉಳಿದ 52 ರನ್ ಹೊಡೆದು ಗೆಲ್ಲಿಸಿದ್ದು ನಮಗೆ ಗೊತ್ತಾಗಿದ್ದು ಮೆಜೆಸ್ಟಿಕ್‌ನ ಒಂದು ಬೀಡಾ ಅಂಗಡಿ ಮುಂದೆ. ಮಾವ ಅಲ್ಲೇ ನಿಂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು. ಮನೆಗೆ ಹೋದಾಗ ಅಜ್ಜಿ ಕೇಳಿದ್ದಕ್ಕೆ, "ಪೂರ್ತಿ ನೋಡ್ಕೊಂಡೇ ಬಂದ್ವಿ" ಅಂದರು. ನಾನು ಬಾಯಿ ಬಿಡಲಿಲ್ಲ. ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಆ ಶನಿವಾರ ಗ್ಯಾರೇಜಿನಲ್ಲಿ ಹಿರಿಯರಿಗೆ ಹೇಳಿದ್ದೇ ಮೊದಲು. ಅವರು ಕುರ್ಚಿ ಹತ್ತಿರ ಎಳೆದುಕೊಂಡು, ಬೀಡಾ ಅಂಗಡಿ ಅಂದರೇನು, ಅಲ್ಲಿ ಎಷ್ಟು ಜನ ಸೇರಿದ್ದರು, ಮಾವ ಇದ್ದಾರಾ, ಅಂತ ಒಂದೊಂದೇ ಕೇಳಿದರು.

ಮಾವ ಈಗ ಇಲ್ಲ. ಇದ್ದಿದ್ದರೆ ಇಬ್ಬರನ್ನೂ ಫೋನಲ್ಲಿ ಮಾತಾಡಿಸುತ್ತಿದ್ದೆ.

ಅವತ್ತು ಚಿನ್ನಸ್ವಾಮಿಯಿಂದ ಸಚಿನ್ ಔಟಾದ ಮೇಲೆ ಎದ್ದು ಬಂದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಯಾವ ಗೇಟಿಂದ ಆಚೆ ಬಂದಿರಿ, ಸುದ್ದಿ ಎಲ್ಲಿ ಸಿಕ್ಕಿತು, ಜೊತೆಯಲ್ಲಿ ಯಾರಿದ್ದರು, ಎಲ್ಲ ಹೇಳಿ. ಭಾನುವಾರ ಗ್ಯಾರೇಜಿನಲ್ಲಿ ಓದಿ ಹೇಳುತ್ತೇನೆ.