ಅದ್ರಿಂದ ಎಂತಾ ಉಪಯೋಗ ಇದ್ದು?

ನಿನ್ನೆ ಶಿರಸಿ ಹತ್ತಿರ ನೆಂಟರ ಮನೆಯಲ್ಲಿ ಗೃಹಪ್ರವೇಶ. ಊಟದ ಬಗ್ಗೆ ದೂರಿಲ್ಲ, ಅಪ್ಪೆಹುಳಿಯನ್ನು ಕೇಳಿ ಕೇಳಿ ಹಾಕಿಸಿಕೊಂಡೆ. ಸಿಟ್ಟು ಬಂದದ್ದು ಆಮೇಲೆ, ಜಗುಲಿಯಲ್ಲಿ ಕವಳ (ಎಲೆ-ಅಡಿಕೆ) ಹಾಕುವ ಹೊತ್ತಿಗೆ.

ನಮ್ಮ ಪೈಕಿಯ ಕೂಸೊಂದು (ನಮ್ಮ ಕಡೆ ಹುಡುಗಿಗೆ ಹಾಗನ್ನುವುದು) ಬೆಂಗಳೂರಲ್ಲಿ ಥಿಯರೆಟಿಕಲ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡ್ತಿದೆ. ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಮೇಲೆ. ಮಾವ ಒಬ್ಬರು ಕರೆದು ಕೂರಿಸಿಕೊಂಡು ಕೇಳಿದರು, "ಕೂಸೇ, ಈಗ ಎಂತಾ ಮಾಡ್ತಾ ಇದ್ದೆ?" ಅವಳು ಹೇಳಿದಳು. ಪಾಪ, ಉತ್ಸಾಹದಿಂದಲೇ ಹೇಳಿದಳು, ಗಾಳಿಯಲ್ಲಿ ಬೆರಳಿಂದ ಒಂದು ಗೋಲ ಬರೆದು ತೋರಿಸಿದಳು. ಮಾವ ಎಲೆಗೆ ಸುಣ್ಣ ಹಚ್ಚುವುದನ್ನೂ ನಿಲ್ಲಿಸಲಿಲ್ಲ. "ಅದೆಲ್ಲ ಸರಿ. ಅದ್ರಿಂದ ಎಂತಾ ಉಪಯೋಗ ಇದ್ದು?"

ಜಗುಲಿಯಿಡೀ ನಕ್ಕಿತು. ಅವಳೂ ನಕ್ಕಳು. ಆ ನಗು ಎಲ್ಲಿಂದ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನೂ ಎಂಎಸ್ಸಿ ಮುಗಿಸಿ ಅಡಿಕೆ ತೋಟಕ್ಕೆ ಬಂದವನೇ, ಆ ಕತೆ ಮತ್ತೆ ಕೊರೆಯಲ್ಲ.

ಆದರೆ ಈ ಪ್ರಶ್ನೆ ಕೇಳಿದವರು ಯಾರು ನೋಡಿ. ಎದೆಯೊಳಗೆ, ಹೃದಯದ ನಾಳ ತೆರೆದಿಡಲು, ಸ್ಟೆಂಟ್ ಇಟ್ಟುಕೊಂಡು ಓಡಾಡುವ ಮನುಷ್ಯ. ಹೋದ ವರ್ಷ ಅವರನ್ನು ಮಂಗಳೂರಿಗೆ ಒಯ್ಯುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವರ ಕೈ ಹಿಡಿದು ಕೂತವ ನಾನೇ. ಅವತ್ತು ಅವರ ಕೈ ಎಷ್ಟು ತಣ್ಣಗಿತ್ತು ಅಂತ ಈಗಲೂ ನೆನಪಿದೆ. ಹಾಗಾಗಿ ಅವರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಇರುವುದಕ್ಕೇ ಇಷ್ಟು ಸಿಟ್ಟು.

1840ರ ಆಸುಪಾಸಿನಲ್ಲಿ ಪ್ವಾಸೆಯ್ ಅಂತ ಒಬ್ಬ ಫ್ರೆಂಚ್ ವೈದ್ಯ ಇದ್ದ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬ ಹುಚ್ಚು ಅವನಿಗೆ. ಅತಿ ಸಪೂರದ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ, ಎಷ್ಟು ಹೊತ್ತಿಗೆ ಎಷ್ಟು ಹರಿಯಿತು ಅಂತ ಅಳೆಯುತ್ತಾ ಕೂತ. ಅವನಿಗೂ ಒಬ್ಬ ಮಾವ ಇದ್ದಿರಬೇಕು. ಕೊನೆಗೆ ಸಿಕ್ಕಿದ್ದೇನು? ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತದಂತೆ ಬದಲಾಗುತ್ತದೆ. ತೋಟದವರಿಗೆ ಡ್ರಿಪ್ಪಿನ ಸಪೂರ ಪೈಪಿನ ಲೆಕ್ಕದಲ್ಲಿ ಹೇಳುವುದಾದರೆ, ಒತ್ತಡವೂ ಉದ್ದವೂ ಅಷ್ಟೇ ಇದ್ದು ಒಳಗಿನ ಅಗಲ ಅರ್ಧವಾದರೆ ನೀರು ಅರ್ಧವಾಗಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ರಕ್ತ ನೀರಲ್ಲ, ನಾಳ ಗಾಜಿನದಲ್ಲ, ಹೃದಯ ಒಂದೇ ಸಮನೆ ತಳ್ಳುವ ಪಂಪೂ ಅಲ್ಲ, ಲೆಕ್ಕ ಅಕ್ಷರಶಃ ಹೊಂದುವುದಿಲ್ಲ. ಆದರೂ ನಾಳ ತೀರಾ ಕಿರಿದಾದರೆ ಮೆಟ್ಟಿಲು ಹತ್ತುವಾಗ ಎದೆ ಯಾಕೆ ಹಿಡಿಯುತ್ತದೆ ಅನ್ನುವುದರ ಬೇರು ಅಲ್ಲೇ ಇದೆ.

ಇನ್ನು ಮಾವನ ಬ್ಲಾಕ್ ಕಂಡದ್ದು ಸಿಟಿ ಸ್ಕ್ಯಾನಿನಲ್ಲಿ. ಎಕ್ಸ್‌ರೇ ಕಿರಣ ದೇಹದೊಳಗೆ ನೂರಾರು ದಿಕ್ಕಿನಿಂದ ಹಾದು ಹೋಗುತ್ತದೆ. ಪ್ರತಿ ಗೆರೆಯಲ್ಲೂ ಒಟ್ಟು ಎಷ್ಟು ಹೀರಲ್ಪಟ್ಟಿತು ಎಂಬುದಷ್ಟೇ ಯಂತ್ರಕ್ಕೆ ತಿಳಿಯುವುದು. ಆ ಮೊತ್ತಗಳಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟಬಹುದು ಅಂತ ಯೋಹಾನ್ ರೇಡಾನ್ ಎಂಬ ಆಸ್ಟ್ರಿಯಾದ ಗಣಿತಜ್ಞ 1917ರಲ್ಲೇ ಸಾಧಿಸಿಟ್ಟಿದ್ದ. ಶುದ್ಧ ಗಣಿತ, ರೋಗಿಯೂ ಇಲ್ಲ, ಯಂತ್ರವೂ ಇಲ್ಲ. ಅವನು 1956ರಲ್ಲಿ ತೀರಿಕೊಂಡ. ಮೊದಲ ಸಲ ಒಬ್ಬ ರೋಗಿಯ ತಲೆಯ ಸ್ಕ್ಯಾನ್ ಆದದ್ದು 1971ರಲ್ಲಿ. ತಮಾಷೆಯೆಂದರೆ ಇದಕ್ಕಾಗಿ 1979ರಲ್ಲಿ ನೊಬೆಲ್ ಹಂಚಿಕೊಂಡ ಕಾರ್ಮಾಕ್‌ಗೆ ತನ್ನ ಲೆಕ್ಕ ಮಾಡುವಾಗ ರೇಡಾನ್ ಅನ್ನುವವನೊಬ್ಬ ಇದನ್ನು ಮಾಡಿ ಮುಗಿಸಿದ್ದಾನೆ ಅಂತಲೇ ಗೊತ್ತಿರಲಿಲ್ಲ. 1917ರ ಜಗುಲಿಯಲ್ಲಿ ಕೂತು ಅವನನ್ನು ಕೇಳಿದ್ದರೆ ಏನು ಹೇಳುತ್ತಿದ್ದ? ಅವನೂ ನಮ್ಮ ಕೂಸಿನ ಹಾಗೆ ನಗುತ್ತಿದ್ದ, ಅಷ್ಟೇ.

ದೂರದ ಮಾತು ಬೇಡ ಅಂದಿರಾ? ತೋಟಕ್ಕೆ ಬನ್ನಿ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಸುತ್ತೀರಲ್ಲ, ಅದು ಔಷಧ ಅಂತ ಹುಟ್ಟಿದ್ದೇ ಅಲ್ಲ. ಫ್ರಾನ್ಸಿನ ಬೋರ್ಡೋ ಕಡೆಯ ರೈತರು ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲ ಎಂಬುದನ್ನು ಗಮನಿಸಿದ. 1885ರಲ್ಲಿ ಪ್ರಕಟಿಸಿದ. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅದನ್ನು ಅಡಿಕೆಗೆ ತಂದರು. ಕಳ್ಳರಿಗೆ ಬಳಿದದ್ದು ಕೊಳೆಗೆ ಮದ್ದಾಯಿತು. ಸುಮ್ಮನೆ ನೋಡುತ್ತಾ ನಿಂತವನೊಬ್ಬ ಇರದಿದ್ದರೆ ನಮ್ಮ ಜಗುಲಿಗಳೆಲ್ಲ ಇನ್ನೂ ಸೋಗೆಯವೇ.

ಇಷ್ಟಕ್ಕೇ ಮುಗಿಯಲಿಲ್ಲ. ಇವತ್ತು ಬೆಳಿಗ್ಗೆ ಅದೇ ಮಾವ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಹಾಕಿದ್ದಾರೆ. "ಬಾಟಲಿ ನೀರು ಕುಡಿದರೆ ಹಾರ್ಟ್ ಅಟ್ಯಾಕ್! ವಿಜ್ಞಾನಿಗಳಿಂದ ಸಾಬೀತು!!" ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಿನ್ನೆ ಉಪಯೋಗವಿಲ್ಲದ ವಿಜ್ಞಾನ, ಇವತ್ತು ರಾತ್ರೋರಾತ್ರಿ ಸಾಬೀತು. ಎರಡೂ ಒಂದೇ ರೋಗ, ಮಾರಾಯ್ರೆ. ವಿಷಯ ಏನು ಅಂತ ಯಾರಿಗೂ ಬೇಡ, ಕೈಗೆ ಏನು ಸಿಗುತ್ತದೆ ಅಂತ ಮಾತ್ರ ಬೇಕು.

ಆ ಫಾರ್ವರ್ಡಿನ ಹಿಂದೆ ಇರುವುದು 2024ರ ಮಾರ್ಚ್‌ನಲ್ಲಿ ಬಂದ ಇಟಲಿಯವರ ಅಧ್ಯಯನ ಅಂತ ನನ್ನ ಊಹೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆಯುತ್ತಾರಲ್ಲ, ಅದನ್ನು ಪರೀಕ್ಷೆ ಮಾಡಿದರು. ಕೊನೆಯವರೆಗೆ ಗಮನಿಸಿದ 257 ಜನರಲ್ಲಿ 150 ಜನರ ಗಡ್ಡೆಯಲ್ಲಿ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು ಸಿಕ್ಕಿದವು, 31 ಜನರಲ್ಲಿ ಪಿವಿಸಿಯೂ. ಸುಮಾರು 34 ತಿಂಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸಿಗದವರಿಗಿಂತ ನಾಲ್ಕೂವರೆ ಪಟ್ಟು ಕಂಡಿತು. ಗಾಬರಿಯಾಗುವಂಥದ್ದೇ. ಆದರೆ ಪ್ಲಾಸ್ಟಿಕ್ಕಿನಿಂದಲೇ ಹೀಗಾಯಿತು ಅಂತ ಇದರಿಂದ ಹೇಳಲಾಗದು ಎಂದು ಬರೆದವರೂ ಅವರೇ. ಆ ಪ್ಲಾಸ್ಟಿಕ್ ನೀರಿಂದ ಬಂತೋ, ಗಾಳಿಯಿಂದಲೋ, ಊಟದಿಂದಲೋ, ಅದೂ ಇತ್ಯರ್ಥವಾಗಿಲ್ಲ. ಬಾಟಲಿಯ ಸುದ್ದಿಯನ್ನು ಸೇರಿಸಿದವರು ನಮ್ಮ ಫಾರ್ವರ್ಡ್ ಪಂಡಿತರು.

ಹಾಗಂತ ಪ್ಲಾಸ್ಟಿಕ್ ಇಲ್ಲ ಅಂತಲ್ಲ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದ ಗೆಳೆಯನೊಬ್ಬ ನಮ್ಮ ತೋಟದ ಕೆಳಗಿನ ಹಳ್ಳದ ನೀರು ಸೋಸಿ ಒಯ್ದಿದ್ದ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಎಲೆ, ಪಾಚಿಯ ಚೂರುಗಳನ್ನು ಕರಗಿಸಿದ. ಗಟ್ಟಿ ಉಪ್ಪುನೀರಿಗೆ ಹಾಕಿದಾಗ ಮರಳು ತಳಕ್ಕಿಳಿಯಿತು, ಹಗುರಾದದ್ದು ಮೇಲೆ ತೇಲಿತು. ಅದನ್ನು ಸೋಸಿ ಸೂಕ್ಷ್ಮದರ್ಶಕದಡಿ ಇಟ್ಟು ನನ್ನನ್ನು ಕರೆದ. ಒಂದು ನೀಲಿ ಎಳೆ. ಸೂಜಿ ಕಾಯಿಸಿ ಹತ್ತಿರ ತಂದ, ಎಳೆ ಮೈ ತಿರುಚಿ ಮುದುಡಿತು, ಅಂದರೆ ಪ್ಲಾಸ್ಟಿಕ್. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ನೀಲಿ ಎಳೆ, ಅದು ಜಪ್ಪಯ್ಯ ಅನ್ನಲಿಲ್ಲ. ಅದು ಹತ್ತಿಯ ಬಟ್ಟೆಯದ್ದಿರಬೇಕು ಅಂದ. ಪ್ರಯೋಗಾಲಯದಲ್ಲಿ ಅವನು ಹತ್ತಿಯ ಕೋಟು ಹಾಕಿಯೇ ಕೆಲಸ ಮಾಡುತ್ತಾನೆ, ಫ್ಯಾನ್ ಹಾಕಲ್ಲ, ಪಕ್ಕದಲ್ಲಿ ಒಂದು ಖಾಲಿ ಫಿಲ್ಟರ್ ಕಾಗದವನ್ನೂ ತೆರೆದಿಡುತ್ತಾನೆ. ತನ್ನ ಅಂಗಿಯಿಂದ, ಕೋಣೆಯ ಗಾಳಿಯಿಂದ ಎಷ್ಟು ಉದುರಿತು ಅಂತ ಲೆಕ್ಕ ಬೇಕಲ್ಲ. ಕೈಮುಗಿದ ಚಿತ್ರ ಹಾಕಿದವರಲ್ಲಿ ಒಬ್ಬರಿಗಾದರೂ ಈ ವ್ಯವಧಾನ ಇದೆಯಾ?

ಮೂರನೆಯದು ಎಳೆಯಲ್ಲ, ಪಾರದರ್ಶಕ ಚೂರು. ನೋಡಿದ್ದೇ ನನಗೆ ನೆನಪಾದದ್ದು ಅಡಿಕೆ ಗೊಂಚಲಿಗೆ ಮಳೆ ತಾಗದಂತೆ ಕಟ್ಟುವ ಕೊಟ್ಟೆ, ಅಂದರೆ ಹೊದಿಕೆ. ಹಿಂದೆ ಕರಡದ ಹುಲ್ಲಿನ ಕೊಟ್ಟೆ ಇತ್ತು, ಈಗ ಪ್ಲಾಸ್ಟಿಕ್. ಬಿಸಿಲು ತಿಂದು ತಿಂದು ಮುಟ್ಟಿದರೆ ಪುಡಿಯಾಗುತ್ತದೆ, ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಅಘನಾಶಿನಿಗೆ. ಅಣೆಕಟ್ಟಿಲ್ಲದ ನದಿ ಅಂತ ಹೆಮ್ಮೆ ಪಡುತ್ತೇವಲ್ಲ, ತಡೆಯಿಲ್ಲದೆ ನೇರ ಅಳಿವೆಗೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ (ಜಗತ್ತಿನ ಮುಖ್ಯ ಜೌಗುನೆಲೆಗಳ ಪಟ್ಟಿ) ಪಟ್ಟ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಹೊಳೆಗಳಲ್ಲಿ 2015-16ರ ಚಳಿಗಾಲದ ನೆರೆಯೊಂದೇ ತಳದಲ್ಲಿ ಕೂತಿದ್ದ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಸುಮಾರು ಶೇಕಡಾ 70ನ್ನು ಕೊಚ್ಚಿಕೊಂಡು ಹೋಗಿತ್ತು. ನಮ್ಮ ಆಷಾಢದ ಹೊಳೆ ಏನೇನು ಒಯ್ಯುತ್ತದೋ, ಯೋಚಿಸಿ.

ಆ ಚೂರು ಕೊಟ್ಟೆಯ ಜಾತಿಯದ್ದೇ ಹೌದಾ ಅಂತ ಸೂಜಿ ಹೇಳಲ್ಲ. ಅದಕ್ಕೆ ರಾಮನ್ ಸ್ಪೆಕ್ಟ್ರೋಮೀಟರ್ ಬೇಕು. ಚೂರಿನ ಮೇಲೆ ಲೇಸರ್ ಬಿಟ್ಟರೆ ಚದುರಿದ ಬೆಳಕಿನಲ್ಲಿ ಒಂದಷ್ಟು ಬಣ್ಣ ಬದಲಿಸಿಕೊಂಡು ಬರುತ್ತದೆ, ಅದನ್ನು ನೋಡಿ ಪಾಲಿಥಿಲೀನೋ, ನೈಲಾನೋ ಅಂತ ಹೇಳಬಹುದು, ಒಂದು ಮೈಕ್ರಾನಿನ ಆಸುಪಾಸಿನ ಕಣವನ್ನೂ. ಇದು ಎಲ್ಲಿಂದ ಬಂತು? 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸು ಬರುವಾಗ ಮೆಡಿಟರೇನಿಯನ್ ಯಾಕಿಷ್ಟು ನೀಲಿ ಅಂತ ತಲೆ ಕೆಡಿಸಿಕೊಂಡದ್ದರಿಂದ. ಆಕಾಶದ ನೀಲಿಯೇ ಅಲ್ಲಿ ಕಾಣುವುದು ಅಂತ ರೇಲಿಯಂಥ ದೊಡ್ಡವರು ಹೇಳಿಬಿಟ್ಟಿದ್ದರು, ಇವರಿಗೆ ಒಪ್ಪಿಗೆಯಾಗಲಿಲ್ಲ. ಡೆಕ್ಕಿನ ಮೇಲೆ ನಿಂತು ಪ್ರಿಸಮ್ ಹಿಡಿದು ನೀರು ನೋಡಿದರು. ಹಿಡಿದ ಜಾಡು ಬಿಡದೆ 1928ಕ್ಕೆ ರಾಮನ್ ಪರಿಣಾಮ, 1930ಕ್ಕೆ ನೊಬೆಲ್. ಸಮುದ್ರ ಯಾಕೆ ನೀಲಿ ಅಂತ ತಿಳಿದು ಎಂತಾ ಉಪಯೋಗ? ಕಾರವಾರದಲ್ಲಿ ದಿನಾ ಅದೇ ಸಮುದ್ರ ನೋಡುವವರು ನಾವು. ನಮ್ಮಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ಮನೆಯವರು ನಾಟಿ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದರು.

ಈಗ ನೀವು ಹೇಳುವ ಮಾತು ಗೊತ್ತು. "ಎಲ್ಲದಕ್ಕೂ ಕಡೆಗೆ ಉಪಯೋಗ ಸಿಕ್ಕಿತಲ್ಲ, ಹಾಗಾದರೆ ಮಾವ ಕೇಳಿದ್ದು ತಪ್ಪೇನು?" ತಪ್ಪೇ. ಸಿ.ವಿ. ವಿಶ್ವೇಶ್ವರ ನೆನಪಿದ್ದಾರಾ? ನಮ್ಮ ಕನ್ನಡದವರೇ, ಬೆಂಗಳೂರಿನ ತಾರಾಲಯ ಕಟ್ಟಿ ಬೆಳೆಸಿದವರು. ಕಪ್ಪುಕುಳಿಗೆ ಪೆಟ್ಟು ಕೊಟ್ಟರೆ ಅದು ಯಾವ ರೀತಿ ಮಿಡಿದು ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಪ್ಪುಕುಳಿ ಇದೆಯೋ ಇಲ್ಲವೋ ಅಂತಲೇ ಜಗಳವಿದ್ದ ಕಾಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಎರಡು ಕಪ್ಪುಕುಳಿ ಒಂದಾದ ಗುರುತ್ವದ ಅಲೆ ಸಿಕ್ಕಿತು, ಆ ಅಲೆಯ ಬಾಲದಲ್ಲಿ ಅದೇ ಮಿಡಿತ. ಅವರು ತೀರಿಕೊಂಡದ್ದು 2017ರಲ್ಲಿ, ಸುದ್ದಿ ಕೇಳಿಯೇ ಹೋದರು. ಇದರಿಂದ ಅಡಿಕೆ ರೇಟು ಏರಲಿಲ್ಲ, ಯಾರ ಬ್ಲಾಕೂ ಕರಗಲಿಲ್ಲ. ಮುಂದೆಯೂ ಏನೂ ಆಗದಿರಬಹುದು. ನಮ್ಮ ಕೂಸಿನ ಕೆಲಸವೂ ಹಾಗೇ ಇರಬಹುದು. ಇರಲಿ. ಗೊತ್ತಾಯಿತಲ್ಲ, ಸಾಲದಾ?

ಇನ್ನೊಂದು ಮಾತು ಬರುತ್ತದೆ, ಇದಕ್ಕೆ ಸ್ವಲ್ಪ ತೂಕವಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೇ ಪರದಾಟ, ಎದೆನೋವು ಬಂದರೆ ಮಂಗಳೂರು, ಮಣಿಪಾಲ, ಗೋವಾ, ಹುಬ್ಬಳ್ಳಿ. ಅಂಥದ್ದರಲ್ಲಿ ಜನರ ತೆರಿಗೆಯಲ್ಲಿ ಕಪ್ಪುಕುಳಿಯಾ? ಆಸ್ಪತ್ರೆ ಬೇಕು ಅಂತ 2022ರಲ್ಲಿ ಹುಯಿಲೆದ್ದಾಗ ನಾನೂ ಕೂಗಿದವನೇ, ಆ ಹಿಂದಿನ ಸೀಟಿನಲ್ಲಿ ಕೂತವನೂ ಹೌದು. ಆದರೆ 2020-21ರ ಲೆಕ್ಕದಂತೆ ದೇಶ ಎಲ್ಲ ಬಗೆಯ ಸಂಶೋಧನೆಗೆ ಸೇರಿ ಖರ್ಚು ಮಾಡಿದ್ದೇ ಜಿಡಿಪಿಯ ಶೇಕಡಾ 0.64ರಷ್ಟು. ಕಪ್ಪುಕುಳಿಗೆ ಅದರಲ್ಲಿ ಚಿಲ್ಲರೆ. ಆ ಚಿಲ್ಲರೆ ನಿಲ್ಲಿಸಿದರೆ ಕುಮಟೆಯಲ್ಲಿ ಹೃದಯದ ಬ್ಲಾಕ್ ಬಿಡಿಸುವ ಕ್ಯಾಥ್‌ಲ್ಯಾಬ್ ಎದ್ದು ನಿಲ್ಲುತ್ತದೆ ಅಂತ ನಂಬುವವರಿಗೆ ನನ್ನ ನಮಸ್ಕಾರ. ಆಸ್ಪತ್ರೆ ಕೇಳಬೇಕಾದದ್ದು ವೋಟು ಕೇಳಲು ಬಂದವರ ಹತ್ತಿರ. ಅವರು ಬಂದಾಗ ಜಗುಲಿಯಲ್ಲಿ ಕೂರಿಸಿ ಕಷಾಯ ಕೊಡುತ್ತೇವೆ, ಪಿಎಚ್‌ಡಿ ಮಾಡುವ ಹುಡುಗಿ ಬಂದಾಗ ಮಾತ್ರ ಆಡಿಟ್.

ಉಪಯೋಗದ ಮಾತು ಅಡಿಕೆಯವರ ಬಾಯಲ್ಲಿ ಬೇರೆ! ಅಡಿಕೆ ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮೊದಲನೇ ಗುಂಪಿಗೆ ಸೇರಿಸಿ ಪ್ರಕಟಿಸಿದೆ. ಅದನ್ನೇ ಬೆಳೆದು, ಮಾರಿ, ಮನೆ ಕಟ್ಟಿ, ಗೃಹಪ್ರವೇಶಕ್ಕೆ ನೂರಾರು ಜನರನ್ನು ಕರೆದು, ಬಂದವರ ಮುಂದೆ ಅದನ್ನೇ ಇಡುತ್ತೇವೆ. ನಾನೂ ಬೆಳೆಯುವವನೇ, ನನ್ನ ಹೊಟ್ಟೆಯೂ ಅದರಿಂದಲೇ ತುಂಬುವುದು. ಅದರಿಂದ ಎಂತಾ ಉಪಯೋಗ ಅಂತ ಇವತ್ತಿನವರೆಗೆ ಯಾವ ಜಗುಲಿಯಲ್ಲೂ ಒಬ್ಬರೂ ಕೇಳಿದ್ದು ನಾನು ಕಾಣೆ.

ಮಾವನಿಗೆ ಈ ಬರಹ ಯಾರಾದರೂ ಓದಿ ಹೇಳುತ್ತಾರೆ ಅಂತ ಗೊತ್ತಿದೆ, ಹೇಳಲಿ. ಬೈಯುವುದಿದ್ದರೆ ನಾಳೆ ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡಲಿ, ಆಮೇಲೆ ಅಡಿಕೆ ಕೊಯ್ಯುವ ಕೊನೆಗೌಡ ಬರುತ್ತಾನೆ, ಫೋನ್ ಎತ್ತಲಾಗುವುದಿಲ್ಲ.