ಗಮನ ಕೊರತೆ ಮೊಬೈಲ್ ತಂದ ಕಾಯಿಲೆಯೇ?

ಉಡುಪಿಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಹರಿದಾಡುತ್ತಿದೆ: 'ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಎಂಬುದು ಮೊಬೈಲ್, ಚಾಕಲೇಟು ಮತ್ತು ತಾಯಂದಿರ ಮುದ್ದಿನಿಂದ ಹುಟ್ಟಿದ ಹೊಸ ಕಾಯಿಲೆ.'

ಇದು ಸುಳ್ಳು. 1798ರಲ್ಲೇ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನ ನಿಲ್ಲದ ಸ್ಥಿತಿಯ ಬಗ್ಗೆ ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ನೀಡಿದರು. ಆಗ ಯಾವ ಮೊಬೈಲ್ ಇತ್ತು?

ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ಆನುವಂಶಿಕತೆಯ ಪಾಲು ಶೇ 70ರಿಂದ 80. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ತೂಕ ಕಡಿಮೆ ಇರುವುದೂ ಅಪಾಯ ಹೆಚ್ಚಿಸುತ್ತವೆ. ಸಕ್ಕರೆಯ ಆರೋಪವನ್ನು 1990ರ ದಶಕದಲ್ಲೇ ಪರೀಕ್ಷಿಸಲಾಯಿತು; ಮಕ್ಕಳ ವರ್ತನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊಬೈಲ್ ನಿದ್ದೆ ಕೆಡಿಸುತ್ತದೆ, ನಿಜ. ಅದಕ್ಕೆ ಮಿತಿ ಬೇಕು. ಆದರೆ ತಾಯಿಯ ಮೇಲೆ ಹೊರಿಸುವ ತಪ್ಪು ಮಾತ್ರ ಕ್ರೂರ.

ಎಡಿಎಚ್‌ಡಿ ಇರುವವರೆಲ್ಲ ಕುಣಿದಾಡುವ ಮಕ್ಕಳೇ ಅಲ್ಲ. ಕೊನೆಯ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು, ಹಲಗೆಯ ಮೇಲಿನ ಲೆಕ್ಕವನ್ನು ಅರ್ಧ ಬರೆದು, ಹಂಚಿನಿಂದ ಸುರಿಯುವ ಮಳೆಯನ್ನೇ ನೋಡುವ ಹುಡುಗಿಗೂ ಇದು ಇರಬಹುದು. ಅವಳನ್ನು ಸೋಮಾರಿ ಎಂದುಬಿಡುತ್ತೇವೆ!

ಹಾಗೆಂದು ಚಂಚಲತೆಯೆಲ್ಲ ಎಡಿಎಚ್‌ಡಿ ಅಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ–ಶಾಲೆ ಎರಡರಲ್ಲೂ ಕಾಣಬೇಕು, ಕನಿಷ್ಠ 6 ತಿಂಗಳು ಇರಬೇಕು. ಅನುಮಾನವಿದ್ದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಹೋಗುವಾಗ ತರಗತಿಯ ಶಿಕ್ಷಕರು ಗಮನಿಸಿದ್ದನ್ನು ಬರೆಸಿಕೊಂಡು ಹೋಗಿ.